ಕಿತ್ತಯ್ಯನ ಕಲ್ಲು ತರಗತಿಗೆ ಬಂದರೆ: ಶಾಸನ, 3ಡಿ ಮಾದರಿ ಮತ್ತು ಇತಿಹಾಸದ ಪಾಠ

ಗಂಗರು ಮತ್ತು ರಾಷ್ಟ್ರಕೂಟರ ಯುದ್ಧ ಅಂದರೆ ಪಠ್ಯಪುಸ್ತಕದಲ್ಲಿ ರಾಜರ ಹೆಸರು, ಇಸವಿ ಅಷ್ಟೇ. ಅದೇ ಯುದ್ಧ ಬೆಂಗಳೂರಿನ ಹೆಬ್ಬಾಳದ ವೀರಗಲ್ಲಿನಲ್ಲಿ ಬೇರೆ ಥರ ಕಾಣಿಸುತ್ತೆ. 2018ರಲ್ಲಿ ಬೆಳಕಿಗೆ ಬಂದ ಈ ಶಾಸನ ಸುಮಾರು ಕ್ರಿ.ಶ. 750ರದು, ಗಂಗ ಶ್ರೀಪುರುಷನ ಕಾಲದ್ದು. ರಟ್ಟವಾಡಿಯ, ಅಂದರೆ ರಾಷ್ಟ್ರಕೂಟರ ಕಡೆಯ ದಾಳಿಯಲ್ಲಿ ಕಾದಿ ಸತ್ತ ಕಿತ್ತಯ್ಯನ ನೆನಪಿಗೆ ನಿಲ್ಲಿಸಿದ ಕಲ್ಲು. ಮಕ್ಕಳಿಗೆ ಕಲಿಸಬೇಕಾದದ್ದು ಇಲ್ಲಿದೆ.

ಈಗ ಶಾಲೆಗಳಲ್ಲಿ 3ಡಿ ಪ್ರಿಂಟರ್‌ಗಳು ಬರ್ತಾ ಇವೆ. ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳ 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಹಾಗಂತ ಇಡೀ ಕಲ್ಲನ್ನು ಪುಟ್ಟ ಗೊಂಬೆಯಂತೆ ಪ್ರಿಂಟ್ ಮಾಡಿ ಕಪಾಟಿನಲ್ಲಿಟ್ಟರೆ ಇತಿಹಾಸದ ಪಾಠ ಆಗಲ್ಲ. ಲೆಕ್ಕ ನೋಡಿ: 2 ಮಿ.ಮೀ. ಅಗಲದ ಗೀರನ್ನು ಐದನೇ ಒಂದು ಅಳತೆಗೆ ಇಳಿಸಿದರೆ 0.4 ಮಿ.ಮೀ. ಸಾಮಾನ್ಯ ಪ್ರಿಂಟರಿನ ನಾಝಲ್ ರಂಧ್ರವೇ ಅಷ್ಟು. ಅಕ್ಷರ ಕರಗಿಹೋಗುತ್ತೆ, ಕಲ್ಲಿನ ಆಕಾರ ಮಾತ್ರ ಉಳಿಯುತ್ತೆ. ಅದರ ಬದಲು ಒಂದೇ ಒಂದು ಸಾಲನ್ನು ಮೂಲ ಅಳತೆಯಲ್ಲೇ ತೆಗೆಯುವುದು ವಾಸಿ.

ಪ್ರಿಂಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ಬ್ಲೆಂಡರ್ ಉಚಿತ ತಂತ್ರಾಂಶ. ಅದರಲ್ಲಿ ಮಾದರಿ ತೆರೆದು, ಬೆಳಕನ್ನು ಮಕ್ಕಳ ಕೈಗೇ ಕೊಡಿ. ನೇರ ಬೆಳಕಿನಲ್ಲಿ ಸವೆದ ಅಕ್ಷರ ಕಾಣಲ್ಲ. ಪಕ್ಕದಿಂದ ಓರೆಯಾಗಿ ಬಿಟ್ಟರೆ ನೆರಳು ಬಿದ್ದು ಎದ್ದು ಬರುತ್ತೆ. ಇದು ಅಕ್ಷರವೋ, ಕಲ್ಲಿನ ಒಡಕೋ? ಇಬ್ಬರು ಮಕ್ಕಳು ಎರಡು ಥರ ಓದಿದರೆ ಒಳ್ಳೆಯದೇ. ಇಬ್ಬರೂ ಕಾರಣ ಕೊಡಲಿ. ಶಾಸನ ಓದುವ ವಿದ್ವಾಂಸರೂ ಮಾಡೋದು ಇದನ್ನೇ.

ಓದಿದ ಮೇಲೆ ಊರ ಹೆಸರಿಗೆ ಬನ್ನಿ. ಶಾಸನದಲ್ಲಿರುವುದು ಪೆರ್ಬೊೞಲ್ ನಾಡು. ಪೆರ್ ಅಂದರೆ ದೊಡ್ಡ, ಪೊೞಲ್ ಅಂದರೆ ಪಟ್ಟಣ. ಪಕಾರ ಹಕಾರವಾಯ್ತು, ೞ ಅಕ್ಷರ ಬಳಕೆ ತಪ್ಪಿತು, ಹೆಸರು ಸವೆದು ಹೆಬ್ಬಾಳವಾಯ್ತು. ಫ್ಲೈಓವರ್ ಅಂತಷ್ಟೇ ಗೊತ್ತಿದ್ದ ಜಾಗಕ್ಕೆ ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಹೆಸರು ಸಿಗುತ್ತೆ.

ಕೊನೆಗೆ ಕೈಕೆಲಸ. ಸೋಪಿನ ಬಿಲ್ಲೆಯ ಮೇಲೆ ತಮ್ಮ ಹೆಸರನ್ನು ಆ ಕಾಲದ ಲಿಪಿಯಲ್ಲಿ ಕೆತ್ತಲಿ. ಒಂದು ಅಕ್ಷರ ಬಿಟ್ಟುಹೋದರೆ ಅಳಿಸಿ ಬರೆಯೋಕಾಗಲ್ಲ, ಸಾಲಿನ ಮೇಲೆ ತುರುಕಬೇಕು. ಶಾಸನಗಳಲ್ಲಿ ಅಂಥ ಅಕ್ಷರ ಕಂಡಾಗ ಕೆತ್ತಿದವನ ಕಷ್ಟ ಅರ್ಥವಾಗುತ್ತೆ.

ಮೂಲ ಕಲ್ಲಿನ ಮೇಲೆ ಮಾತ್ರ ಸೀಮೆಸುಣ್ಣ, ಬಣ್ಣ, ಎಣ್ಣೆ ಬೇಡವೇ ಬೇಡ. ಪ್ರಯೋಗವೆಲ್ಲ ಮಾದರಿಯ ಮೇಲಿರಲಿ. ರಸ್ತೆ, ಚರಂಡಿ, ಕಟ್ಟಡದ ಕೆಲಸಗಳಲ್ಲಿ ಇಂಥ ಕಲ್ಲುಗಳು ಸದ್ದಿಲ್ಲದೆ ಕಾಣೆಯಾಗುತ್ತವೆ. ಎಲ್ಲದಕ್ಕೂ ಕಾವಲುಗಾರರನ್ನು ಇಡೋಕೆ ಆಗಲ್ಲ. ಒಂದು ಸಾಲನ್ನಾದರೂ ತಾನೇ ಓದಿದ ಮಗು, ಬೀದಿಯ ಮೂಲೆಯಲ್ಲಿ ಬಿದ್ದ ಕಲ್ಲನ್ನು ಬರೀ ಚಪ್ಪಡಿ ಅಂದುಕೊಂಡು ದಾಟಿಹೋಗಲ್ಲ.