ಕರಿಗುಡ್ಡ, ಬಿಳಿಗುಡ್ಡ ಮತ್ತು ಕ್ಯಾಮೆರಾದ ಕಣ್ಣು

ಮಾಗಡಿ ಸೀಮೆಯ ಸಾವನದುರ್ಗಕ್ಕೆ ಎರಡು ನೆತ್ತಿಗಳಿವೆಯೆಂಬುದು ನಮ್ಮ ಕಡೆಯವರಿಗೆಲ್ಲ ತಿಳಿದದ್ದೇ. ಒಂದನ್ನು ಕರಿಗುಡ್ಡವೆಂದೂ ಇನ್ನೊಂದನ್ನು ಬಿಳಿಗುಡ್ಡವೆಂದೂ ಕರೆಯುತ್ತಾರೆ. ಕ್ಯಾಮೆರಾ ಹಿಡಿದು ಈ ಎರಡನ್ನೂ ಒಂದೇ ಚೌಕಟ್ಟಿನೊಳಗೆ ಕೂಡಿಸಲು ಹೊರಟವನಿಗೆ ಆ ಹೆಸರುಗಳ ಅರ್ಥ ಚೆನ್ನಾಗಿ ಮನದಟ್ಟಾಗುತ್ತದೆ. ನೆರಳಿನ ಬದಿಯ ವಿವರ ಬೇಕೆಂದರೆ ಬಿಸಿಲಿನ ಬಂಡೆ ಸುಣ್ಣ ಬಳಿದಂತೆ ಬೆಳ್ಳಗಾಗಿಬಿಡುತ್ತದೆ. ಬಿಸಿಲಿನ ಬಂಡೆಯ ಗೀರುಗಳು ಕಾಣಬೇಕೆಂದರೆ ನೆರಳಿನ ಬದಿ ಮಸಿಯಾಗುತ್ತದೆ. ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಟ್ಟುಕೊಡಬೇಕು ಎಂಬ ನಿರ್ಧಾರವನ್ನು ಅಲ್ಲೇ, ಗುಡ್ಡದ ಬುಡದಲ್ಲೇ ಮಾಡಬೇಕೆ, ಅಥವಾ ಮನೆಗೆ ಬಂದು ನಿಧಾನವಾಗಿ ಮಾಡಬಹುದೆ? ಇಂದಿನ ಹುಡುಗರು ಇದನ್ನೇ ‘ಜೆಪೆಗ್ ತೆಗೆಯುವುದೋ, ರಾ ತೆಗೆಯುವುದೋ’ ಎಂಬ ಎರಡು ಮಾತಿನಲ್ಲಿ ಕೇಳುತ್ತಾರೆ. ಇತಿಹಾಸ ಪಾಠ ಹೇಳಿ ನಿವೃತ್ತನಾದ ನನಗೆ ಈ ಪ್ರಶ್ನೆ ಕ್ಯಾಮೆರಾಕ್ಕಿಂತಲೂ ಹಳೆಯದೆಂದು ತೋರುತ್ತದೆ.

1791ರ ಡಿಸೆಂಬರ್ 21ರಂದು, ಮೂರನೆಯ ಮೈಸೂರು ಯುದ್ಧದಲ್ಲಿ, ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗವನ್ನು ವಶಪಡಿಸಿಕೊಂಡಿತು. ಆ ಸೈನ್ಯದ ಜೊತೆಯಲ್ಲಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ನಮ್ಮ ಬೆಟ್ಟಕೋಟೆಗಳನ್ನು ಸ್ಥಳದಲ್ಲೇ ನಿಂತು ಬರೆದುಕೊಂಡ. ಅವನ ಮೈಸೂರು ಸೀಮೆಯ ದೃಶ್ಯಗಳ ಪುಸ್ತಕ 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಸ್ಥಳದಲ್ಲಿ ಬರೆದ ಗೆರೆ ಹೋಮನದು, ಫಲಕದಲ್ಲಿ ಅದನ್ನು ಕೊರೆದ ಕೈಗಳು ಬೇರೆಯವರವು. ನೆರಳೆಷ್ಟು, ಬೆಳಕೆಷ್ಟು ಎಂಬುದರಲ್ಲಿ ಒಂದಷ್ಟು ಮಾಗಡಿಯಲ್ಲಿ ತೀರ್ಮಾನವಾಯಿತು, ಒಂದಷ್ಟು ಲಂಡನ್ನಿನಲ್ಲಿ. ಅಚ್ಚಾದ ಚಿತ್ರವೊಂದೇ ಕೈಯಲ್ಲಿರುವವನಿಗೆ ಯಾವುದು ಎಲ್ಲಿಯದೆಂದು ಬೇರ್ಪಡಿಸಿ ಹೇಳುವುದು ಸುಲಭವಲ್ಲ. ಇತಿಹಾಸ ಓದುವವನ ಸಂಕಟ ಶುರುವಾಗುವುದೇ ಅಲ್ಲಿಂದ.

ಈಗ ಇಂದಿನ ಕ್ಯಾಮೆರಾದ ಒಳಗೆ ನಡೆಯುವುದೇನೆಂದು ಸ್ವಲ್ಪ ನೋಡೋಣ. ಗೊತ್ತಿದ್ದವರು ಈ ಭಾಗವನ್ನು ದಾಟಿ ಮುಂದೆ ಹೋಗಬಹುದು. ಮಸೂರದ ಹಿಂದಿರುವ ಸಂವೇದಕಕ್ಕೆ ತನ್ನಷ್ಟಕ್ಕೆ ಬಣ್ಣ ತಿಳಿಯದು. ಎಷ್ಟು ಬೆಳಕು ಬಿತ್ತೆಂಬುದಷ್ಟೇ ತಿಳಿಯುತ್ತದೆ. ಅದರ ಒಂದೊಂದು ಬಿಂದುವಿನ ಮೇಲೂ ಕೆಂಪು, ಹಸಿರು ಅಥವಾ ನೀಲಿ ಶೋಧಕವೊಂದನ್ನು ಕೂರಿಸುವ ಉಪಾಯಕ್ಕೆ ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದರು. ಹೀಗೆ ದೊರೆತ ಅಂಕಿಗಳನ್ನು ಹೆಚ್ಚು ಕೈಯಾಡಿಸದೆ ಇಟ್ಟುಕೊಂಡರೆ ಅದು ರಾ ಕಡತ. ಅದೇ ಅಂಕಿಗಳನ್ನು ಕ್ಯಾಮೆರಾ ತಾನೇ ಅಡಿಗೆ ಮಾಡಿ, ಬಿಳಿಯ ಬಣ್ಣ ಯಾವುದೆಂದು ನಿರ್ಧರಿಸಿ, ಬಣ್ಣಗಳ ಗಾಢತೆ, ಅಂಚುಗಳ ಚೂಪು, ನೆರಳು-ಬೆಳಕುಗಳ ಅಂತರ ಎಲ್ಲವನ್ನೂ ಹದಗೊಳಿಸಿ, ಬೇಡವೆಂದು ಕಂಡದ್ದನ್ನು ಎಸೆದು, ಚಿಕ್ಕದಾಗಿ ಮಡಚಿ ಕೊಟ್ಟರೆ ಅದು ಜೆಪೆಗ್. ಮೆನುವಿನಲ್ಲಿ ಕಾಣುವ ಸ್ಟ್ಯಾಂಡರ್ಡ್, ಪೋರ್ಟ್ರೇಟ್, ಲ್ಯಾಂಡ್‌ಸ್ಕೇಪ್, ವಿವಿಡ್ ಮೊದಲಾದ ಹೆಸರುಗಳೆಲ್ಲ ಈ ಅಡಿಗೆಯ ಬಗೆಗಳು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳು. 14 ಬಿಟ್‌ನ ರಾ ಕಡತದಲ್ಲಿ 16,384. ಬಿಳಿಗುಡ್ಡದಿಂದ ಕರಿಗುಡ್ಡಕ್ಕೆ ಇಳಿಯಲು ಎಷ್ಟು ಮೆಟ್ಟಿಲುಗಳಿದ್ದರೆ ಒಳ್ಳೆಯದೆಂದು ನಾನು ಹೇಳಬೇಕಾಗಿಲ್ಲ.

ಫಿಲ್ಮಿನ ಕಾಲದಲ್ಲಿಯೂ ಈ ಎರಡು ದಾರಿಗಳಿದ್ದವು. ಸ್ಲೈಡ್ ಫಿಲ್ಮ್ ಹಾಕಿದವನು ಕ್ಷಣದಲ್ಲೇ ಸರಿಯಾಗಿ ತೆಗೆಯಬೇಕು. ಬೆಳಕಿನ ಅಳತೆ ತುಸು ತಪ್ಪಿದರೂ ಆ ಸ್ಲೈಡ್ ಹಾಳು. ನೆಗೆಟಿವ್ ಹಾಕಿದವನಿಗಾದರೋ ಕತ್ತಲೆಕೋಣೆಯಲ್ಲಿ ಎರಡನೆಯ ಅವಕಾಶವಿತ್ತು. ಒಂದು ಭಾಗಕ್ಕೆ ಅಂಗೈ ಅಡ್ಡ ಹಿಡಿದು ತಿಳಿಗೊಳಿಸುವುದು, ಇನ್ನೊಂದು ಭಾಗಕ್ಕೆ ಹೆಚ್ಚು ಬೆಳಕು ಕೊಟ್ಟು ಗಾಢಗೊಳಿಸುವುದು, ಹೀಗೆ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದ ನಮ್ಮ ನಾಡಿನ ವನ್ಯಜೀವಿ ಛಾಯಾಗ್ರಾಹಕರು ಬೆಳೆದದ್ದು ಆ ಕಪ್ಪು-ಬಿಳುಪು ಪರಂಪರೆಯಲ್ಲಿ. ಊರಿನ ಸ್ಟುಡಿಯೋಗಳ ಮಾತು ಬೇರೆ. ಅಲ್ಲಿ ನೆಗೆಟಿವ್‌ನ ಮೇಲೆಯೇ ಚೂಪು ಪೆನ್ಸಿಲ್ ಆಡಿಸಿ ಮುಖದ ಸುಕ್ಕು, ಸಿಡುಬಿನ ಕಲೆಗಳನ್ನು ಮರೆಮಾಡುವ ‘ಟಚಿಂಗ್’ ಕಲೆ ಇತ್ತು. ಕಂಪ್ಯೂಟರ್ ಬಂದಮೇಲೆ ಚಿತ್ರಗಳು ಸುಳ್ಳಾದವೆನ್ನುವವರು ಹಳೆಯ ಮದುವೆ ಫೋಟೋಗಳನ್ನು ಭೂತಗನ್ನಡಿಯಲ್ಲಿ ನೋಡಬೇಕು.

ನಮ್ಮ ರಾಮನಗರಕ್ಕೆ ಬಂದ ದೊಡ್ಡ ಕ್ಯಾಮೆರಾದ ಕಥೆಯಂತೂ ಈ ಪ್ರಶ್ನೆಗೆ ಹೇಳಿ ಮಾಡಿಸಿದಂತಿದೆ. ‘ಶೋಲೆ’ಯ ಚಿತ್ರೀಕರಣ 1973ರ ಅಕ್ಟೋಬರ್‌ನಲ್ಲಿ ಇಲ್ಲಿ ಆರಂಭವಾಯಿತು, ಚಿತ್ರ ತೆರೆ ಕಂಡದ್ದು 1975ರ ಆಗಸ್ಟ್ 15ರಂದು. ನಿರ್ದೇಶಕ ರಮೇಶ್ ಸಿಪ್ಪಿ, ಛಾಯಾಗ್ರಾಹಕ ದ್ವಾರಕಾ ದಿವೇಚಾ. ಸಂಜೆ ಜಯಾ ಭಾದುರಿ ಒಂದೊಂದೇ ದೀಪವನ್ನು ಆರಿಸುತ್ತ ಹೋಗುವಾಗ ಅಮಿತಾಭ್ ಕೆಳಗೆ ಕುಳಿತು ಮೌತ್ ಆರ್ಗನ್ ನುಡಿಸುವ ದೃಶ್ಯವನ್ನು ನೆನಪಿಸಿಕೊಳ್ಳಿ. ಸೂರ್ಯ ಮುಳುಗಿ ಕತ್ತಲಾಗುವ ಮುಂಚಿನ ಆ ಕೆಲವೇ ನಿಮಿಷಗಳ ಬೆಳಕಿನಲ್ಲೇ ಅದನ್ನು ತೆಗೆಯಬೇಕೆಂದು ಹಟ ಹಿಡಿದದ್ದರಿಂದ ಆ ಪುಟ್ಟ ದೃಶ್ಯಕ್ಕೆ ಇಪ್ಪತ್ತು ದಿನ ಹಿಡಿಯಿತೆಂಬುದು ಚಿತ್ರರಂಗದಲ್ಲಿ ಪ್ರಸಿದ್ಧವಾದ ಮಾತು. ಆ ಬೆಳಕನ್ನು ಪ್ರಯೋಗಾಲಯದಲ್ಲಿ ಬೆರೆಸಲು ಬರುತ್ತಿರಲಿಲ್ಲ. ಕಾಯಲೇಬೇಕಾಗಿತ್ತು, ಕಾದರು.

ಅದೇ ಚಿತ್ರದಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 70 ಎಂ.ಎಂ. ಎಂದು ಹೆಸರು ಮಾಡಿದ ‘ಶೋಲೆ’ಯನ್ನು ತೆಗೆದದ್ದು 35 ಎಂ.ಎಂ. ಫಿಲ್ಮಿನಲ್ಲಿ. ಅಗಲ ಪರದೆಯ ಚೌಕಟ್ಟಿಗೆ ಅದನ್ನು ಹಿಗ್ಗಿಸಿದ್ದು ಆಮೇಲೆ. ಮೇಲೆ ಕೆಳಗೆ ಎಷ್ಟು ಕತ್ತರಿಸಿ ಹೋಗುತ್ತದೆಂಬುದನ್ನು ಲೆಕ್ಕ ಹಾಕಿಕೊಂಡೇ ಬಂಡೆಗಳ ನಡುವೆ ಪಾತ್ರಗಳನ್ನು ನಿಲ್ಲಿಸಬೇಕಿತ್ತು. ಆಮೇಲೆ ಮಾಡುವ ಕೆಲಸಕ್ಕೂ ಮೊದಲೇ ಯೋಚನೆ ಬೇಕೆಂಬುದು ಇದರಿಂದ ಗೊತ್ತಾಗುತ್ತದೆ. ಇನ್ನು ಸೆನ್ಸಾರ್ ಮಂಡಳಿಯ ಒತ್ತಾಯಕ್ಕೆ ಠಾಕೂರನು ಗಬ್ಬರ್‌ನನ್ನು ಕೊಲ್ಲುವ ಮೂಲ ಅಂತ್ಯ ಬದಲಾಯಿತಷ್ಟೆ. ಐವತ್ತು ವರ್ಷಗಳ ಬಳಿಕ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಆ ಚಿತ್ರವನ್ನು ಜೀರ್ಣೋದ್ಧಾರ ಮಾಡಿದಾಗ ಮೂಲ ಕ್ಯಾಮೆರಾ ನೆಗೆಟಿವ್ ತೀರ ಹಾಳಾಗಿತ್ತು. ಇಂಗ್ಲೆಂಡಿನ ಉಗ್ರಾಣವೊಂದರಲ್ಲಿ ಉಳಿದಿದ್ದ ನಡುಹಂತದ ಪ್ರತಿಗಳು ಕೈಹಿಡಿದವು. 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಮೂಲ ಅಂತ್ಯದೊಡನೆಯೇ ‘ಶೋಲೆ’ ಪ್ರದರ್ಶನ ಕಂಡಿತು. ಯಾರೋ ಒಬ್ಬರು ಡಬ್ಬಿಗಳನ್ನು ಎಸೆಯದೆ ಇಟ್ಟಿದ್ದರು, ಅಷ್ಟೆ.

ಚನ್ನಪಟ್ಟಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. “ಮೇಷ್ಟ್ರೇ, ಒಂದು ಮದುವೆಗೆ ಮೂರು ಸಾವಿರ ಫೋಟೋ ತೆಗೀತೀನಿ. ಎಲ್ಲಾ ರಾ ತೆಗೆದು ಒಂದೊಂದನ್ನೇ ತಿದ್ದುತ್ತಾ ಕೂತರೆ ಹುಡುಗಿ ಬಾಣಂತನಕ್ಕೆ ಬರೋ ಹೊತ್ತಿಗೆ ಆಲ್ಬಂ ಕೊಡಬೇಕಾಗುತ್ತೆ” ಎಂದು ಅವನು ನಗುತ್ತಾನೆ. ಅವನ ಮಾತು ನ್ಯಾಯವಾದದ್ದೇ. ಬೆಳಕನ್ನು ಓದಲು ಬಲ್ಲವನು ಛತ್ರದ ದೀಪಕ್ಕೆ ತಕ್ಕಂತೆ ವೈಟ್ ಬ್ಯಾಲೆನ್ಸ್ ಹೊಂದಿಸಿಕೊಂಡು, ಗಾಢತೆಯನ್ನು ತಗ್ಗಿಸಿಟ್ಟುಕೊಂಡರೆ ಜೆಪೆಗ್‌ನಲ್ಲೇ ಸೊಗಸಾದ ಕೆಲಸ ಮಾಡಬಹುದು. ಆದರೆ ನಮ್ಮ ಮದುವೆಗಳ ಕೆಂಪು ಸೀರೆ, ಅವನ ಊರಿನ ಅರಗಿನ ಬೊಂಬೆಗಳ ಕೆಂಪು ಇವೆರಡೂ ಕ್ಯಾಮೆರಾದ ಅಡಿಗೆಗೆ ಸುಲಭವಾಗಿ ಒಗ್ಗುವುದಿಲ್ಲ. ‘ವಿವಿಡ್’ನಲ್ಲಿ ತೆಗೆದ ಬೊಂಬೆಯ ಕೆನ್ನೆ ಒಂದೇ ಕೆಂಪು ಮುದ್ದೆಯಾಗಿ, ದುಂಡಗಿದ್ದದ್ದು ಚಪ್ಪಟೆಯಾಗಿ ಕಾಣುತ್ತದೆ. ಹಾಲೆಮರವನ್ನು ಕಡೆದು, ತಿರುಗುವಾಗಲೇ ಅರಗು ಹತ್ತಿಸಿ, ಹೊಳಪು ಬರಿಸಿದವನ ಶ್ರಮವೆಲ್ಲ ಆ ಮುದ್ದೆಯಲ್ಲಿ ಕರಗಿಹೋಗುತ್ತದೆ.

ಅವನೇ ಹೇಳಿದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಮನೆಯ ಹಿರಿಯರೊಬ್ಬರು ತೀರಿಕೊಂಡಾಗ, ಹಾರ ಹಾಕಿ ಗೋಡೆಗೆ ತೂಗುಹಾಕಲು ಒಂದು ಫೋಟೋ ಬೇಕೆಂದು ಜನ ಸ್ಟುಡಿಯೋಗೆ ಬರುತ್ತಾರಂತೆ. ಎಷ್ಟೋ ಅಜ್ಜಿಯರಿಗೆ ಬೇರೆ ಫೋಟೋವೇ ಇರುವುದಿಲ್ಲ. ಮೊಮ್ಮಗಳ ಮದುವೆಯ ಗುಂಪಿನಲ್ಲಿ, ವಿಡಿಯೋದವರ ದೀಪಕ್ಕೆ ದೂರವಾಗಿ, ಅಂಚಿನಲ್ಲಿ ನಿಂತ ಮುಖವೊಂದೇ ಆಧಾರ. ಜೆಪೆಗ್‌ನಲ್ಲಿ ಆ ಮುಖವನ್ನು ಬೆಳಗಿಸಲು ಹೋದರೆ ಕಣ್ಣಿನ ಸುತ್ತ ಚೌಕ ಚೌಕದ ಕಲೆಗಳೇಳುತ್ತವೆ. ಕ್ಯಾಮೆರಾ ಎಸೆದುಬಿಟ್ಟದ್ದನ್ನು ಯಾರೂ ತಂದುಕೊಡಲಾರರು. ರಾ ಕಡತ ಉಳಿದಿದ್ದರೆ ಆ ನೆರಳಿನೊಳಗಿಂದ ಅಜ್ಜಿ ಎದ್ದು ಬರುತ್ತಾರೆ, ಮೂಗುಬಟ್ಟಿನ ಸಮೇತ. ಎದ್ದು ಬಂದ ಮುಖ ಅವರ ಬಣ್ಣದ್ದೇ ಆಗಿರಬೇಕು. ಎಣ್ಣೆಗಪ್ಪಿನ ಮುಖಗಳನ್ನೆಲ್ಲ ಗೋಧಿಬಣ್ಣಕ್ಕೆ ತಿರುಗಿಸುವ ಅಭ್ಯಾಸ ಕ್ಯಾಮೆರಾದ ಒಳಗೂ ಇದೆ, ಹೊರಗೂ ಇದೆ. ಇದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಮುಚ್ಚುಮರೆ ಏಕೆ?

ಬಣ್ಣದ ಮಾತು ಬಂದಾಗ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬಿಡುವಂತಿಲ್ಲ. ಮಿಶ್ರತಳಿಯ ಗೂಡು ಹಳದಿ, ದ್ವಿತಳಿಯದು ಬಿಳಿ. ಹಳದಿ ಗೂಡಿನ ರಾಶಿಯನ್ನೇ ಚೌಕಟ್ಟಿನ ತುಂಬ ತುಂಬಿಸಿ, ವೈಟ್ ಬ್ಯಾಲೆನ್ಸನ್ನು ‘ಆಟೋ’ದಲ್ಲಿ ಬಿಟ್ಟು ತೆಗೆದು ನೋಡಿ. ಇಷ್ಟೊಂದು ಹಳದಿ ಇರುವುದು ದೀಪದ ದೋಷವಿರಬೇಕೆಂದು ಬಗೆದು ಕ್ಯಾಮೆರಾ ಅದನ್ನು ತೊಳೆದುಬಿಡುವ ಸಂಭವವುಂಟು. ಗೂಡು ಪೇಲವವಾಗುತ್ತದೆ. ಪಕ್ಕದಲ್ಲೊಂದು ಬಿಳಿಯ ಕಾಗದ ಹಿಡಿದು ಬಿಳಿ ಯಾವುದೆಂದು ಮೊದಲೇ ಹೇಳಿಕೊಟ್ಟರೆ ಸರಿಹೋಗುತ್ತದೆ; ರಾ ಇದ್ದರೆ ಮನೆಯಲ್ಲೂ ಹೇಳಿಕೊಡಬಹುದು. ಆದರೆ ಕನಕಪುರದ ಸಂಗಮದಲ್ಲಿ, ಹೊಳೆಮತ್ತಿಯ ಮರಗಳ ಕೆಳಗೆ, ಕೆನ್ನೆಯ ಒಂದು ಕಡೆ ಎಲೆಹಸಿರಿನ ನೆರಳು, ಇನ್ನೊಂದು ಕಡೆ ನೀರಿನಿಂದೆದ್ದ ಬಿಸಿಲು ಬಿದ್ದಾಗ ಯಾವ ಒಂದು ಅಳತೆಯೂ ಎರಡಕ್ಕೂ ಹೊಂದುವುದಿಲ್ಲ. ಅಲ್ಲಿ ನಾಲ್ಕು ಹೆಜ್ಜೆ ಆಚೆ ನಿಲ್ಲಿಸಿ ತೆಗೆಯುವುದೇ ಜಾಣತನ.

ರಾಮದೇವರ ಬೆಟ್ಟದ ರಣಹದ್ದುಗಳ ವಿಷಯ ಇನ್ನೂ ಸೂಕ್ಷ್ಮವಾದುದು. 2012ರಲ್ಲಿ ಅದು ರಣಹದ್ದುಗಳ ಅಭಯಧಾಮವಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧದಿಂದ ದೇಶದ ತುಂಬ ಈ ಹಕ್ಕಿಗಳು ಸತ್ತು, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದ ಮೇಲೆಯೂ ಉಳಿದವು ಬೆರಳೆಣಿಕೆಯಷ್ಟು. ಅಂಥ ಕಡೆ ಒಂದೊಂದು ಫೋಟೋವೂ ದಾಖಲೆ. ಉದ್ದಕೊಕ್ಕಿನ ರಣಹದ್ದೋ ಬಿಳಿಬೆನ್ನಿನದೋ ಎಂದು ಹೇಳಬೇಕಾದರೆ ಕೊಕ್ಕಿನ ಬಣ್ಣ, ಬೆನ್ನಿನ ಕಂದು, ರೆಕ್ಕೆಯಡಿಯ ಬಿಳುಪು ನೋಡಬೇಕು. ಹಕ್ಕಿ ಕೂರುವುದು ಬಂಡೆಯ ಅಂಚಿನಲ್ಲಿ. ಹಿಂದೆ ಉರಿಯುವ ಆಕಾಶ. ಕ್ಯಾಮೆರಾದ ಮಾಪಕ ಆಕಾಶಕ್ಕೆ ಹೆದರಿ ಹಕ್ಕಿಯನ್ನು ಕಪ್ಪಾಗಿಸುತ್ತದೆ. ಇಂಥಲ್ಲಿ ರಾ ಬಿಟ್ಟು ಬೇರೆ ಮಾತಿಲ್ಲವೆಂದು ನನ್ನ ಅಭಿಪ್ರಾಯ. ಆದರೂ ಒಂದು ಎಚ್ಚರಿಕೆ: ಬೆಳಕು ತುಂಬಿ ತುಳುಕಿ ಅಂಕಿಯೇ ಮೇಲ್ಮಿತಿ ಮುಟ್ಟಿದ ಕಡೆ ರಾ ಕಡತದಲ್ಲಿಯೂ ಏನೂ ಇರುವುದಿಲ್ಲ. ಅಲುಗಿದ ಚಿತ್ರ, ತಪ್ಪಿಹೋದ ಕ್ಷಣ ಇವಕ್ಕಂತೂ ಅದರಲ್ಲಿ ಮದ್ದಿಲ್ಲ.

ನಂಬಿಕೆಯ ಪ್ರಶ್ನೆಯಲ್ಲಿ ಲೋಕ ಒಂದೇ ದಾರಿ ಹಿಡಿದಿಲ್ಲ. 2015ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ತನ್ನ ಹವ್ಯಾಸಿ ಛಾಯಾಗ್ರಾಹಕರಿಗೆ, ರಾ ಕಡತದಿಂದ ತಿದ್ದಿ ತಯಾರಿಸಿದ ಚಿತ್ರಗಳನ್ನು ಕಳಿಸಬೇಡಿ, ಕ್ಯಾಮೆರಾದಲ್ಲೇ ಜೆಪೆಗ್ ಆಗಿ ತೆಗೆದದ್ದನ್ನು ಕಳಿಸಿ ಎಂದು ತಿಳಿಸಿತು. ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯವರಾದರೋ ಕೊನೆಯ ಸುತ್ತಿಗೆ ಬಂದವರಿಂದ ಮೂಲ ಕಡತವನ್ನೇ ಕೇಳಿ ಹೋಲಿಸಿ ನೋಡುತ್ತಾರೆ. ಅದೇ 2015ರಲ್ಲಿ ಆ ಸುತ್ತಿನ ಸುಮಾರು ಐದರಲ್ಲೊಂದು ಪಾಲು ಚಿತ್ರಗಳು ಅತಿಯಾಗಿ ತಿದ್ದಿದವೆಂದು ಹೊರಬಿದ್ದವು. ಒಬ್ಬರು ತಿದ್ದಲು ಅವಕಾಶ ಕಡಿಮೆ ಇರುವ ದಾರಿಯನ್ನು ನಂಬಿದರು. ಇನ್ನೊಬ್ಬರು, ತಿದ್ದಿದರೂ ಮೂಲವನ್ನು ತೋರಿಸು ಎಂದರು. ಹಳೆಯ ಕಾಗದಪತ್ರಗಳ ನಡುವೆ ಆಯುಷ್ಯ ಕಳೆದ ನನ್ನ ಒಲವು ಎರಡನೆಯವರ ಕಡೆಗೆ. ಶಾಸನದ ಪಾಠವನ್ನು ಎಷ್ಟು ಚೆನ್ನಾಗಿ ಅಚ್ಚು ಹಾಕಿಸಿದರೂ ಕಲ್ಲು ಎಲ್ಲಿದೆಯೆಂದು ಕೇಳುವ ಹಕ್ಕು ಓದುಗನಿಗಿರಬೇಕಲ್ಲವೇ?

ಚನ್ನಪಟ್ಟಣದ ಆ ಶಿಷ್ಯ ಈಗ ಮದುವೆಗಳಲ್ಲಿ ಎರಡು ಬಗೆಯನ್ನೂ ಒಟ್ಟಿಗೆ ತೆಗೆಯುತ್ತಾನೆ. ಆಲ್ಬಂ ಜೆಪೆಗ್‌ನಿಂದ ತಯಾರಾಗುತ್ತದೆ. ಹಣ ಕೊಟ್ಟು ಮುಗಿದ ಮೇಲೆ ರಾ ಕಡತಗಳಲ್ಲಿ ಹೆಚ್ಚಿನವನ್ನು ಅಳಿಸುತ್ತಾನೆ. ಡಿಸ್ಕಿಗೂ ದುಡ್ಡು ಬೇಕು. ಅರವತ್ತು ದಾಟಿದವರಿರುವ ಗುಂಪಿನ ಚಿತ್ರಗಳನ್ನು ಮಾತ್ರ ಅಳಿಸುವುದಿಲ್ಲ. ಅವನ್ನು ಬೇರೆ ಎರಡು ಡಿಸ್ಕುಗಳಲ್ಲಿ ಊರಿನ ಹೆಸರು, ಇಸವಿ ಬರೆದು ಇಟ್ಟಿದ್ದಾನೆ. ಒಂದು ಅಂಗಡಿಯಲ್ಲಿದೆ, ಇನ್ನೊಂದು ಮನೆಯಲ್ಲಿ.