ಈಜುಕೊಳದಲ್ಲಿ ಒಬ್ಬರಿಗೆ ಎಷ್ಟು ಪಾಲು?

ಪಾವಗಡ ತಾಲ್ಲೂಕಿನ ತಿರುಮಣಿಯನ್ನು ಮುಂದಿಟ್ಟುಕೊಂಡು ಈಜು ಸ್ಪರ್ಧೆಯ ನಿಯಮಗಳ ಬಗ್ಗೆ ಬರೆಯಹೊರಟರೆ ನಗುವವರೇ ಹೆಚ್ಚು. ಮಳೆಗಿಂತ ಬರವೇ ಹೆಚ್ಚು ಪರಿಚಿತವಾದ ಸೀಮೆ ಅದು. ಊರಾಚೆ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ ಸೋಲಾರ್ ಪಾರ್ಕಿನ ಫಲಕಗಳು ದೂರದಿಂದ ತುಂಬಿದ ಕೆರೆಯಂತೆ ಕಾಣುತ್ತವೆ; ಹತ್ತಿರ ಹೋದರೆ ಬರೀ ಗಾಜು. ಆದರೂ ಈ ವಿಷಯಕ್ಕೆ ತಿರುಮಣಿ ಬೇಕು. ಏಕೆ ಎಂಬುದು ಕೊನೆಯಲ್ಲಿ ತಿಳಿಯುತ್ತದೆ.

ಶಾಲಾ ಕ್ರೀಡಾಕೂಟದ ಕಾಲ ಬಂದಾಗ ಪೋಷಕರು ದೈಹಿಕ ಶಿಕ್ಷಕರನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. 'ನಮ್ಮ ಹುಡುಗ ಆರು ಸ್ಪರ್ಧೆ ಗೆಲ್ಲಬಲ್ಲ, ಎರಡು ಮೂರಕ್ಕೇ ಏಕೆ ನಿಲ್ಲಿಸುತ್ತೀರಿ ಸಾರ್?' ಮೇಷ್ಟ್ರು ಸುತ್ತೋಲೆ ತೋರಿಸುತ್ತಾರೆ. ಆದರೆ ಸುತ್ತೋಲೆಯಲ್ಲಿ ಸಂಖ್ಯೆ ಇರುತ್ತದೆಯೇ ಹೊರತು ಕಾರಣ ಇರುವುದಿಲ್ಲ. ಕಾರಣ ಹುಡುಕಲು ನೂರು ವರ್ಷಕ್ಕೂ ಹಿಂದೆ ಹೋಗಬೇಕು.

1896ರ ಏಪ್ರಿಲ್ 11. ಅಥೆನ್ಸ್‌ನ ಮೊದಲ ಆಧುನಿಕ ಒಲಿಂಪಿಕ್ಸ್. ಈಜುಕೊಳವೇ ಇರಲಿಲ್ಲ, ಸ್ಪರ್ಧೆ ನಡೆದದ್ದು ಸಮುದ್ರದ ಕೊಲ್ಲಿಯಲ್ಲಿ, ಕೊರೆಯುವ ನೀರಿನಲ್ಲಿ. ಹಂಗೇರಿಯ ಆಲ್ಫ್ರೆಡ್ ಹಾಯೋಶ್ ಮೈಗೆ ಗ್ರೀಸ್ ಬಳಿದುಕೊಂಡು ಇಳಿದು 100 ಮೀಟರ್ ಗೆದ್ದ, 1200 ಮೀಟರ್ ಕೂಡ ಗೆದ್ದ. ನಡುವೆ 500 ಮೀಟರ್ ಸ್ಪರ್ಧೆಯೂ ಇತ್ತು. ಆದರೆ ಮೂರೂ ಅದೇ ದಿನ ಬೆನ್ನುಬೆನ್ನಿಗೆ ನಡೆದಿದ್ದರಿಂದ ಅದನ್ನು ಕೈಬಿಡಬೇಕಾಯಿತು. ಅದು ಆಸ್ಟ್ರಿಯದ ಪಾಲ್ ನಾಯ್ಮನ್ ಪಾಲಾಯಿತು. ಇಷ್ಟೇ ಸ್ಪರ್ಧೆ ಎಂದು ಹಾಯೋಶ್‌ಗೆ ಯಾರೂ ಹೇಳಿರಲಿಲ್ಲ. ಮಿತಿ ಹಾಕಿದ್ದು ಗಡಿಯಾರ.

ಅದೇ ದಿನ ಮತ್ತೊಂದು ವಿಚಿತ್ರ ಸ್ಪರ್ಧೆಯೂ ನಡೆಯಿತು. ಗ್ರೀಕ್ ನೌಕಾಪಡೆಯ ನಾವಿಕರಿಗೆ ಮಾತ್ರ ಮೀಸಲಾದ 100 ಮೀಟರ್. ಹೆಸರು ಕೊಟ್ಟವರು ಹನ್ನೊಂದು ಮಂದಿ, ನೀರಿಗಿಳಿದವರು ಮೂವರು. ಗೆದ್ದವನ ಸಮಯ 2 ನಿಮಿಷ 20.4 ಸೆಕೆಂಡು, ಹಾಯೋಶ್ ಅಷ್ಟೇ ದೂರವನ್ನು 1 ನಿಮಿಷ 22.2 ಸೆಕೆಂಡಿನಲ್ಲಿ ಈಜಿದ್ದ. ಮೀಸಲು ಬಾಗಿಲಿನ ಕಥೆ ಅಷ್ಟು ಹಳೆಯದು.

ಗಡಿಯಾರ ಮಾಡಿದ್ದನ್ನು ಕಾಗದದ ಮೇಲೆ ಬರೆದು ನಿಯಮವಾಗಿಸಿದವರಲ್ಲಿ ಅಮೆರಿಕದ ಹೈಸ್ಕೂಲುಗಳು ಮುಖ್ಯ. ಅಲ್ಲಿ ಕೂಟವೊಂದರಲ್ಲಿ ಹನ್ನೆರಡು ಸ್ಪರ್ಧೆ: ಎಂಟು ವೈಯಕ್ತಿಕ ಈಜು, ಒಂದು ಡೈವಿಂಗ್, ಮೂರು ರಿಲೇ. ಒಬ್ಬ ವಿದ್ಯಾರ್ಥಿ ಹೆಚ್ಚೆಂದರೆ ನಾಲ್ಕರಲ್ಲಿ ಇಳಿಯಬಹುದು, ಆ ನಾಲ್ಕರಲ್ಲಿ ವೈಯಕ್ತಿಕ ಎರಡನ್ನು ಮೀರುವಂತಿಲ್ಲ. ಎರಡು ವೈಯಕ್ತಿಕ, ಎರಡು ರಿಲೇ. ಇಲ್ಲವೇ ಒಂದು ವೈಯಕ್ತಿಕ, ಮೂರು ರಿಲೇ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಮಿಸ್ಸಿ ಫ್ರಾಂಕ್ಲಿನ್ ಮರಳಿ ಬಂದು ಕೊಲರಾಡೊದ ತನ್ನ ಶಾಲೆಗಾಗಿ ಈಜಿದಾಗ ಆಕೆಗೂ ಎರಡೇ ವೈಯಕ್ತಿಕ ಸ್ಪರ್ಧೆ.

ಅಂಕಗಳ ಲೆಕ್ಕ ನೋಡಿದರೆ ಇದರ ಮರ್ಮ ತಿಳಿಯುತ್ತದೆ. ಶಾಲಾ ಕೂಟದಲ್ಲಿ ಗೆಲ್ಲುವುದು ಶಾಲೆ. ಮಿತಿ ಇಲ್ಲದಿದ್ದರೆ ಒಬ್ಬ ಅಸಾಧಾರಣ ಈಜುಗಾರ ಇರುವ ಶಾಲೆ ಉಳಿದವರನ್ನು ಗ್ಯಾಲರಿಯಲ್ಲಿ ಕೂರಿಸಿ ಕಪ್ ಒಯ್ಯಬಹುದು. ಮಿತಿ ಇದ್ದಾಗ ಮೇಷ್ಟ್ರು ತಲೆ ಕೆರೆದುಕೊಳ್ಳಬೇಕು: ಈ ಹುಡುಗಿಯನ್ನು 100 ಮೀಟರ್ ಬಟರ್‌ಫ್ಲೈಗೆ ಹಾಕಿದರೆ ಬ್ಯಾಕ್‌ಸ್ಟ್ರೋಕ್‌ಗೆ ಯಾರು? ಆ 'ಯಾರು' ಎಂಬ ಪ್ರಶ್ನೆಯಿಂದಲೇ ಎರಡನೆಯ, ಮೂರನೆಯ ಈಜುಗಾರರು ಹುಟ್ಟುತ್ತಾರೆ.

ಇನ್ನೊಂದು ಬಗೆಯ ಮಿತಿ ತಂಡಕ್ಕೆ ಸೇರಿದ್ದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಒಂದು ದೇಶ ಒಂದು ಸ್ಪರ್ಧೆಗೆ ಮೂವರನ್ನು ಕಳಿಸಬಹುದಿತ್ತು. ಅಮೆರಿಕದ ಗಂಡಸರು 13ರಲ್ಲಿ 12 ಚಿನ್ನ ಗೆದ್ದರು. ನಾಲ್ಕು ಸ್ಪರ್ಧೆಗಳಲ್ಲಿ ಮೂರೂ ಪದಕ ಅವರದೇ. 1980ರಲ್ಲಿ ಪೂರ್ವ ಜರ್ಮನಿಯ ಹೆಂಗಸರು ಅದನ್ನೇ ಮಾಡಿದರು. 1984ರಿಂದ ದೇಶಕ್ಕೆ ಇಬ್ಬರೇ ಎಂದಾಯಿತು. ಅಂದಿನಿಂದ ವೈಯಕ್ತಿಕ ಸ್ಪರ್ಧೆಯಲ್ಲಿ ಒಂದು ಪದಕವಾದರೂ ಬೇರೆ ದೇಶದ ಕೊರಳಿಗೆ ಬೀಳಲೇಬೇಕು. ಒಬ್ಬನೇ ಎಷ್ಟು ಸ್ಪರ್ಧೆಗೆ ಇಳಿಯಬಹುದು ಎಂಬುದಕ್ಕೆ ಮಾತ್ರ ಅಲ್ಲಿ ತಡೆಯಿಲ್ಲ. ಹಾಗಾಗಿಯೇ 2008ರಲ್ಲಿ ಮೈಕಲ್ ಫೆಲ್ಪ್ಸ್ ಎಂಟು ಚಿನ್ನ ಗೆಲ್ಲಲು ಸಾಧ್ಯವಾಯಿತು.

ನಮ್ಮ ರಾಜ್ಯದ ಹೆಮ್ಮೆಯೂ ಇಂಥ ಬಿಡುಬೀಸಿನಲ್ಲಿ ಬೆಳೆದದ್ದೇ. 1999ರ ಮಣಿಪುರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ನಿಶಾ ಮಿಲೆಟ್ 14 ಚಿನ್ನ ಗೆದ್ದರು. 2025ರ ಉತ್ತರಾಖಂಡ ಕೂಟದಲ್ಲಿ ಶ್ರೀಹರಿ ನಟರಾಜ್ ಮತ್ತು ಧಿನಿಧಿ ದೇಸಿಂಗು ತಲಾ ಒಂಬತ್ತು ಚಿನ್ನ ಬಾಚಿದರು. ಮೂವರೂ ಬೆಂಗಳೂರಿನ ಕೊಳಗಳಲ್ಲಿ ಪಳಗಿದವರು. ಇವರನ್ನು ಎರಡು ಸ್ಪರ್ಧೆಗೆ ಕಟ್ಟಿಹಾಕಿದ್ದರೆ ಯಾರಿಗೆ ಲಾಭವಾಗುತ್ತಿತ್ತು ಎಂದು ಕೇಳುವವರ ವಾದದಲ್ಲೂ ಹುರುಳಿದೆ. ರಾಷ್ಟ್ರಮಟ್ಟಕ್ಕೆ ಆ ವಾದ ಸರಿ. ಶಾಲಾ ಕೂಟಕ್ಕೆ ಸರಿಯಲ್ಲ ಎಂಬುದು ಈ ವರದಿಗಾರನ ಅನಿಸಿಕೆ. ಪದಕದ ಗೊಂಚಲು ಕಟ್ಟುವುದಕ್ಕಿಂತ ಹೆಚ್ಚು ಮಕ್ಕಳನ್ನು ನೀರಿಗೆ ಇಳಿಸುವುದು ಶಾಲೆಯ ಕೆಲಸ.

ಕುತೂಹಲದ ಸಂಗತಿ ಎಂದರೆ, ಇದೇ ಶ್ರೀಹರಿ ಮತ್ತು ಧಿನಿಧಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದದ್ದು ಮೀಸಲು ಬಾಗಿಲಿನಿಂದ. ನೇರ ಅರ್ಹತೆ ಪಡೆದವರಿಲ್ಲದ ದೇಶಗಳಿಗೆ ಒಬ್ಬ ಗಂಡು, ಒಬ್ಬ ಹೆಣ್ಣು ಎಂದು ಬಿಟ್ಟುಕೊಡುವ ಸ್ಥಾನಗಳವು. ಧಿನಿಧಿಗೆ ಆಗ 14 ವರ್ಷ. ಬಲಾಢ್ಯರಿಗೆ ಇಬ್ಬರೇ ಎನ್ನುವ ಕೈಯೇ ಇಲ್ಲದವರಿಗೆ ಒಬ್ಬರಾದರೂ ಇರಲಿ ಎನ್ನುತ್ತದೆ.

ಈಗ ತಿರುಮಣಿಗೆ ಬರೋಣ. ಕಂದಾಯದ ಲೆಕ್ಕದಲ್ಲಿ ಅದು ತುಮಕೂರು ಜಿಲ್ಲೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಈ ಹೆಸರನ್ನು ಓದುಗರು ಪಟ್ಟಿಯಲ್ಲಿ ನೋಡಿರುತ್ತೀರಿ. ಶಾಲಾ ಕ್ರೀಡೆಯಲ್ಲೂ ಇದೇ ಲೆಕ್ಕ. ಜಿಲ್ಲಾ ತಂಡ ಎಂದರೆ ಬೆಂಗಳೂರು ದಕ್ಷಿಣಕ್ಕೆ ಒಂದು, ಮಧುಗಿರಿಗೂ ಒಂದು. ಬೆಂಗಳೂರಿನಲ್ಲಿ ತಂಡದ ಒಂದು ಸ್ಥಾನಕ್ಕೆ ಗಡಿಯಾರ ಹಿಡಿದು ಜಗಳ. ತಿರುಮಣಿಯ ಹುಡುಗನಿಗೆ ಸ್ಥಾನದ ಬಾಗಿಲು ತೆರೆದಿದೆ, ಈಜುಕೊಳವಿಲ್ಲ.

ಹಾಗೆಂದು ಆ ಕಡೆ ಈಜು ಗೊತ್ತಿಲ್ಲವೆಂದಲ್ಲ. ಬಯಲುಸೀಮೆಯ ಹಿಂದಿನ ತಲೆಮಾರು ಈಜು ಕಲಿತದ್ದು ತೋಟದ ಬಾವಿಗಳಲ್ಲಿ, ಬೆನ್ನಿಗೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು. ದಂಡೆಯಿಂದ ದುಮುಕುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಬಾವಿಯಲ್ಲಿ ನಾಲ್ಕು ಕೈ ಹಾಕುವಷ್ಟರಲ್ಲಿ ಎದುರು ಗೋಡೆ. ತಲೆ ಎತ್ತಿಯೇ ಈಜಬೇಕು. ಐವತ್ತು ಮೀಟರ್ ಉದ್ದಕ್ಕೆ ಉಸಿರನ್ನು ಹಂಚಿಕೊಳ್ಳುವ ವಿದ್ಯೆ ಅಲ್ಲಿ ದೊರೆಯದು. ಆಮೇಲೆ ಕೊಳವೆಬಾವಿಗಳು ಇನ್ನೂರು, ಐನೂರು ಅಡಿ ಇಳಿದಂತೆಲ್ಲ ತೆರೆದ ಬಾವಿಗಳು ಬತ್ತಿದವು. ಆ ಶಾಲೆಯೂ ಮುಚ್ಚಿತು.

ಬಾಗಿಲು ತೆರೆದಿದ್ದು ನೀರಿಲ್ಲದವನ ಗತಿಯೇನು ಎಂಬುದನ್ನು ಜಗತ್ತು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕಂಡಿತು. ಈಕ್ವಟೋರಿಯಲ್ ಗಿನಿಯ ಎರಿಕ್ ಮೂಸಂಬಾನಿ ಮೀಸಲು ಸ್ಥಾನದಲ್ಲಿ ಬಂದಿದ್ದ. ಕೆಲವೇ ತಿಂಗಳ ಹಿಂದೆ ಹೋಟೆಲೊಂದರ ಪುಟ್ಟ ಕೊಳದಲ್ಲಿ ಈಜು ಕಲಿತವನು. 50 ಮೀಟರ್ ಕೊಳವನ್ನು ನೋಡಿದ್ದು ಅಲ್ಲೇ ಮೊದಲು. ಜೊತೆಗಿದ್ದ ಇಬ್ಬರೂ ಮುಂಚೆಯೇ ಜಿಗಿದು ಅನರ್ಹರಾದರು. ಒಬ್ಬನೇ ಈಜಿದ. ಕೊನೆಯ ಕೆಲವು ಮೀಟರ್‌ಗಳಲ್ಲಿ ಮುಳುಗಿಯೇಬಿಡುತ್ತಾನೆ ಎನ್ನುವಂತಿತ್ತು. 1 ನಿಮಿಷ 52.72 ಸೆಕೆಂಡು, 1896ರ ಹಾಯೋಶ್‌ಗಿಂತ ಅರ್ಧ ನಿಮಿಷ ತಡ. ಸಾವಿರಾರು ಜನ ಎದ್ದು ನಿಂತು ಕೂಗಿದರು. ನಕ್ಕವರೂ ಇದ್ದರು.

2012ರಲ್ಲಿ ಮೂಸಂಬಾನಿ ತನ್ನ ದೇಶದ ಈಜು ತಂಡಕ್ಕೆ ತರಬೇತುದಾರನಾದ. ಅಷ್ಟು ಹೊತ್ತಿಗೆ ಅಲ್ಲಿಯೂ 50 ಮೀಟರಿನ ಕೊಳ ಬಂದಿತ್ತು.