ಬೀಸಾಡಿದ ಚೂರುಗಳ ಶೃಂಗಾರ



ಆಗಮನ ಕಾಲ ಸಮೀಪಿಸುತ್ತಿದ್ದಂತೆ ನಮ್ಮ ಪೇಟೆಗಳ ಮುಖವೇ ಬದಲಾಗುತ್ತದೆ. ಹೊಸಪೇಟೆಯ ಅಂಗಡಿಗಳ ಮುಂದೆ ದೀಪಾವಳಿಯ ಆಕಾಶಬುಟ್ಟಿಗಳು ಇಳಿಯುವಷ್ಟರಲ್ಲಿ ಕ್ರಿಸ್ತಜಯಂತಿಯ ನಕ್ಷತ್ರಗಳು ಏರುತ್ತವೆ. ಗಾಜಿನ ಕಪಾಟುಗಳಲ್ಲಿ ಮಿನುಗು ಕಾಗದದ ಸರಗಳು, ಪ್ಲಾಸ್ಟಿಕ್ಕಿನ ಹಸಿರು ಮರಗಳು, ಹತ್ತಿಯ ಹಿಮ ಕಾಣಿಸಿಕೊಳ್ಳುತ್ತವೆ. ಈ ಸಂಭ್ರಮ ತಪ್ಪಲ್ಲ. ಹಬ್ಬವೆಂದ ಮೇಲೆ ಅಲಂಕಾರ ಬೇಕೇ ಬೇಕು. ಆದರೆ ಜನವರಿ ತಿಂಗಳಲ್ಲಿ ಈ ಅಲಂಕಾರವೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ನಾವು ಎಂದಾದರೂ ಕೇಳಿಕೊಂಡಿದ್ದೇವೆಯೇ? ಊರಾಚೆಯ ತಿಪ್ಪೆಗೆ, ಇಲ್ಲವೇ ತುಂಗಭದ್ರೆಯ ಕಾಲುವೆಗೆ. ಬಳಸಿದ್ದು ಹದಿನೈದು ದಿನ. ಮಣ್ಣಿನಲ್ಲಿ ಕರಗದೆ ಉಳಿಯುವುದು ತಲೆತಲಾಂತರ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಈ ಸೀಮೆಗೆ ಅಲಂಕಾರದ ಬಹು ದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಎರಡು ಬಗೆಯ ಶೃಂಗಾರಗಳಿವೆ: ಒಂದು ಅರಸರದು, ಇನ್ನೊಂದು ಬಡವರದು. ಯಾವುದು ಅಳಿಯಿತು, ಯಾವುದು ಉಳಿಯಿತು ಎಂಬುದನ್ನು ನೋಡಿದರೆ ನಮ್ಮ ಹಬ್ಬಗಳಿಗೂ ಒಂದು ಪಾಠ ದೊರೆಯುತ್ತದೆ.

ಚಿನ್ನದ ಬೀದಿಗಳು

1443ರಲ್ಲಿ ಹೆರಾತಿನ ಸುಲ್ತಾನ ಶಾಹ್ ರುಖ್‌ನ ರಾಯಭಾರಿಯಾಗಿ ಅಬ್ದುರ್ ರಝಾಕ್ ಎಂಬ ಪರ್ಷಿಯನ್ ವಿದ್ವಾಂಸನು ವಿಜಯನಗರಕ್ಕೆ ಬಂದನು. ಆಗ ಆಳುತ್ತಿದ್ದವನು ಇಮ್ಮಡಿ ದೇವರಾಯ. ಇಲ್ಲಿನ ಬಜಾರುಗಳನ್ನು ಕಂಡು ಆತನು ಬೆರಗಾದನು. ಒಂದೊಂದು ಕಸುಬಿನವರ ಅಂಗಡಿಗಳು ಒತ್ತೊತ್ತಾಗಿ ಒಂದೇ ಸಾಲಿನಲ್ಲಿದ್ದವು. ರತ್ನಪಡಿ ವ್ಯಾಪಾರಿಗಳು ಮುತ್ತು ಮಾಣಿಕ್ಯಗಳನ್ನು ಬಯಲಿನಲ್ಲಿಯೇ ಹರಡಿಕೊಂಡು ಮಾರುತ್ತಿದ್ದರು. ಗುಲಾಬಿ ಹೂವು ಎಲ್ಲೆಲ್ಲಿಯೂ ಮಾರಾಟಕ್ಕಿತ್ತು. ಈ ಊರಿನವರಿಗೆ ಅದು ಅನ್ನದಷ್ಟೇ ಅಗತ್ಯವೆಂಬಂತೆ ಆತನಿಗೆ ತೋರಿತು. ಮಹಾನವಮಿಯ ಸಂದರ್ಭದಲ್ಲಿ ಹಲವು ಅಂತಸ್ತುಗಳ ಮಂಟಪಗಳನ್ನು ನಿಲ್ಲಿಸಿ ಅಡಿಯಿಂದ ಮುಡಿಯವರೆಗೆ ಚಿತ್ರಗಳಿಂದ ಸಿಂಗರಿಸಿದ್ದರು. ಅವುಗಳಲ್ಲಿ ಕೆಲವು ತಿರುಗುತ್ತ ಕ್ಷಣಕ್ಷಣಕ್ಕೂ ಹೊಸ ನೋಟವನ್ನು ತೋರಿಸುತ್ತಿದ್ದವು ಎಂದು ಆತನು ಬರೆದಿಟ್ಟಿದ್ದಾನೆ.

ಅಲ್ಲಿಂದ ಮುಕ್ಕಾಲು ಶತಮಾನದ ಬಳಿಕ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಕೂಡ ಇದೇ ಹಬ್ಬವನ್ನು ಬಣ್ಣಿಸಿದ್ದಾನೆ. ಮೆರವಣಿಗೆಯಲ್ಲಿ ಬರುತ್ತಿದ್ದ ಅರಮನೆಯ ಸ್ತ್ರೀಯರು ತೊಟ್ಟ ಚಿನ್ನದ ಭಾರ ಎಷ್ಟಿತ್ತೆಂದರೆ, ಅನೇಕರಿಗೆ ಅದನ್ನು ತಾವೇ ಹೊರಲಾಗದೆ ಸಖಿಯರು ಅವರ ತೋಳುಗಳನ್ನು ಹಿಡಿದು ನಡೆಸಬೇಕಾಗಿತ್ತಂತೆ!

1565ರ ಯುದ್ಧದಲ್ಲಿ ಆ ವೈಭವವೆಲ್ಲ ಕುಸಿಯಿತು. ಎರಡು ವರ್ಷಗಳ ನಂತರ, 1567ರಲ್ಲಿ, ಇಲ್ಲಿಗೆ ಬಂದ ವೆನಿಸಿನ ವರ್ತಕ ಸೀಸರ್ ಫೆಡರಿಚಿ ಕಂಡದ್ದು ನಿಂತ ಮನೆಗಳನ್ನು, ಆದರೆ ಬರಿದಾದ ಮನೆಗಳನ್ನು. ಅವುಗಳಲ್ಲಿ ಹುಲಿ ಮತ್ತಿತರ ಕಾಡುಮೃಗಗಳು ವಾಸವಾಗಿದ್ದವೆಂದು ಅವನ ಹೇಳಿಕೆ. ಇಂದು ನಾವು ಹಂಪಿಗೆ ಹೋದರೆ ಮಹಾನವಮಿ ದಿಬ್ಬದ ಕಲ್ಲುಗಳನ್ನು ನೋಡಬಹುದು. ಆ ಕಲ್ಲಿನ ಮೇಲೆ ಹರಡಿದ್ದ ರೇಷ್ಮೆಯಾಗಲಿ, ತಿರುಗುತ್ತಿದ್ದ ಮಂಟಪವಾಗಲಿ, ಬೀದಿಯಲ್ಲಿ ಹರಡಿದ್ದ ರತ್ನಗಳಾಗಲಿ ಇಲ್ಲ. ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ನಮ್ಮ ಕಾಲದವರು ನಡೆಸುತ್ತಿದ್ದ ಸಣ್ಣಪುಟ್ಟ ಅಂಗಡಿಗಳನ್ನೂ 2011ರಲ್ಲಿ ತೆರವುಗೊಳಿಸಲಾಯಿತು.

ಚೂರು ಬಟ್ಟೆಯ ಜನ

ಈಗ ಇನ್ನೊಂದು ಶೃಂಗಾರದ ಕಡೆಗೆ ಬರೋಣ. ಸಂಡೂರಿನ ಬೆಟ್ಟಗಳ ನಡುವೆ ಲಂಬಾಣಿ ತಾಂಡಾಗಳಿವೆ. ಈ ಜನರ ಪೂರ್ವಿಕರು ಎತ್ತುಗಳ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿಕೊಂಡು ದೇಶವನ್ನೆಲ್ಲ ಸುತ್ತುತ್ತಿದ್ದ ಸಾಗಣೆಗಾರರು. ಮೊಗಲರ ಸೈನ್ಯಗಳಿಗೂ ಅನಂತರ ಮೈಸೂರು ಯುದ್ಧಗಳ ಕಾಲದಲ್ಲಿ ಬ್ರಿಟಿಷರ ಸೈನ್ಯಕ್ಕೂ ಅವರೇ ಧಾನ್ಯ ಒದಗಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ರಸ್ತೆಗಳೂ ರೈಲುದಾರಿಗಳೂ ಬಂದ ಮೇಲೆ ಎತ್ತಿನ ಬೆನ್ನಿನ ವ್ಯಾಪಾರಕ್ಕೆ ಬೆಲೆಯಿಲ್ಲವಾಯಿತು. ಬದುಕು ಕಳೆದುಕೊಂಡ ಜನರ ಮೇಲೆ ಸರ್ಕಾರದ ಅನುಮಾನವೂ ಬಿತ್ತು. 1871ರಲ್ಲಿ ಆರಂಭವಾದ ಅಪರಾಧಿ ಬುಡಕಟ್ಟುಗಳ ಕಾಯಿದೆ ಮುಂದೆ ವಿಸ್ತರಿಸುತ್ತ ಹೋದಾಗ ಲಂಬಾಣಿಗಳ ಕೆಲವು ಗುಂಪುಗಳೂ ಅದರ ಅಡಿಗೆ ಸಿಲುಕಿದವು. ಹುಟ್ಟಿನಿಂದಲೇ ಮನುಷ್ಯನನ್ನು ಅಪರಾಧಿಯೆಂದು ಎಣಿಸಿದ ಆ ಕಾಯಿದೆ ರದ್ದಾದದ್ದು ಸ್ವಾತಂತ್ರ್ಯಾನಂತರ, 1952ರಲ್ಲಿ.

ಹೀಗೆ ಸಮಾಜದ ಅಂಚಿಗೆ ತಳ್ಳಲ್ಪಟ್ಟ ಜನರು ತಮ್ಮ ಮೈಮೇಲಿನ ಉಡುಪನ್ನು ಹೇಗೆ ಸಿಂಗರಿಸಿಕೊಂಡರು ಎಂಬುದನ್ನು ಗಮನಿಸಿ. ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ಕುಪ್ಪಸ ಇವುಗಳನ್ನು ಒಂದೇ ಹೊಸ ಬಟ್ಟೆಯಿಂದ ಹೊಲಿಯುವ ಅನುಕೂಲ ಅವರಿಗಿರಲಿಲ್ಲ. ಸಿಕ್ಕ ಚೂರುಗಳನ್ನು ಚೌಕವಾಗಿ, ಮುಮ್ಮೂಲೆಯಾಗಿ ಕತ್ತರಿಸಿ ಒಂದಕ್ಕೊಂದು ಜೋಡಿಸಿದರು. ಜೋಡಣೆಯ ಗೆರೆಯನ್ನು ಮರೆಮಾಚದೆ ಅದರ ಮೇಲೆಯೇ ಬಣ್ಣದ ದಾರದಿಂದ ಕಸೂತಿ ಹಾಕಿದರು. ಕನ್ನಡಿಯ ತುಣುಕು, ಕವಡೆ, ಮಣಿ, ಚಲಾವಣೆ ನಿಂತುಹೋದ ನಾಣ್ಯ, ಎಲ್ಲಕ್ಕೂ ಅಲ್ಲಿ ಒಂದು ಸ್ಥಾನ ದೊರೆಯಿತು. ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಗುರುತಿಸುತ್ತಾರೆ. ಇವುಗಳನ್ನು ಕಲಿಸುವ ಪುಸ್ತಕ ತಾಂಡಾದಲ್ಲಿ ಇರಲಿಲ್ಲ. ಲಂಬಾಣಿ ನುಡಿಗೆ ಸ್ವಂತ ಲಿಪಿಯೇ ಇಲ್ಲ. ತಾಯಿಯ ಬೆರಳನ್ನು ನೋಡಿ ಮಗಳು ಕಲಿತಳು, ಅಷ್ಟೇ.

1988ರಲ್ಲಿ ಸಂಘವಾಗಿ ನೋಂದಣಿಯಾದ ಸಂಡೂರು ಕುಶಲ ಕಲಾ ಕೇಂದ್ರವು ಈ ಮನೆಗೆಲಸವನ್ನು ಜೀವನೋಪಾಯವನ್ನಾಗಿ ಬೆಳೆಸಲು ಶ್ರಮಿಸಿತು. ತಾವು ಉಡಲು ಹೊಲಿಯುತ್ತಿದ್ದುದನ್ನೇ ಮಹಿಳೆಯರು ಚೀಲ, ದಿಂಬಿನ ಹೊದಿಕೆ, ಗೋಡೆಯ ಅಲಂಕಾರಗಳ ಮೇಲೆ ಹೊಲಿಯತೊಡಗಿದರು. 2004ರಲ್ಲಿಯೂ 2012ರಲ್ಲಿಯೂ ಯುನೆಸ್ಕೋದ ಶ್ರೇಷ್ಠತಾ ಮುದ್ರೆ ಈ ಕೇಂದ್ರದ ಕೆಲಸಕ್ಕೆ ಲಭಿಸಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಎಂದರೆ, ಬೇರೆ ಊರಿನ ಯಂತ್ರದಲ್ಲಿ ಅಚ್ಚುಹಾಕಿದ ನಕಲನ್ನು ಈ ಹೆಸರಿನಲ್ಲಿ ಮಾರುವುದು ಸಲ್ಲದು.

2023ರ ಜುಲೈ ತಿಂಗಳಿನಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಕಾರ್ಯತಂಡದ ಮೂರನೆಯ ಸಭೆ ಹಂಪಿಯಲ್ಲಿ ನಡೆಯಿತು. ಅದರ ಅಂಗವಾಗಿ ನಾಲ್ಕುನೂರ ಐವತ್ತಕ್ಕೂ ಹೆಚ್ಚು ಲಂಬಾಣಿ ಕುಶಲಕರ್ಮಿಗಳ ಕೈಯಲ್ಲಿ ಅರಳಿದ 1,755 ವಸ್ತುಗಳನ್ನು ಪ್ರದರ್ಶಿಸಲಾಯಿತು. ಲಂಬಾಣಿ ವಸ್ತುಗಳ ಅತಿ ದೊಡ್ಡ ಪ್ರದರ್ಶನವೆಂದು ಅದು ಗಿನ್ನೆಸ್ ದಾಖಲೆಗೆ ಸೇರಿತು. ಒಂದು ಕಾಲದಲ್ಲಿ ರತ್ನಗಳನ್ನು ಹರಡಿದ್ದ ನೆಲದಲ್ಲಿಯೇ, ಬೀಸಾಡಬೇಕಾಗಿದ್ದ ಬಟ್ಟೆಯ ಚೂರುಗಳು ಪರದೇಶಗಳ ಪ್ರತಿನಿಧಿಗಳನ್ನು ಸ್ವಾಗತಿಸಿದವು. ಚರಿತ್ರೆಯ ಇಂತಹ ತಿರುವನ್ನು ಕಂಡು ಯಾರ ಮನಸ್ಸು ತಾನೇ ಯೋಚನೆಗೆ ಒಳಗಾಗದು?

ಕೌದಿ ಮತ್ತು ಬಾಳೆಯ ನಾರು

ಇದು ಲಂಬಾಣಿಗಳೊಬ್ಬರ ಜಾಣ್ಮೆಯಲ್ಲ. ನಮ್ಮ ಭಾಗದ ಹಳ್ಳಿಮನೆಗಳಲ್ಲಿ ಕೌದಿಯನ್ನು ನೋಡದವರು ಯಾರು? ಅಜ್ಜಿಯ ಹಳೆಯ ಸೀರೆ, ಅಜ್ಜನ ಹರಿದ ಧೋತರ, ಮಕ್ಕಳ ಅಂಗಿಯ ತುಂಡು ಇವೆಲ್ಲ ಪದರ ಪದರವಾಗಿ ಕೂಡಿ, ಉದ್ದನೆಯ ಹೊಲಿಗೆಯಲ್ಲಿ ಒಂದಾಗಿ, ಹುಟ್ಟಿದ ಕೂಸಿಗೆ ಬೆಚ್ಚನೆಯ ಹಾಸಿಗೆಯಾಗುತ್ತವೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಡೆಯ ಸಿದ್ದಿ ಜನಾಂಗದ ಮಹಿಳೆಯರೂ ಇಂಥದ್ದೇ ಕವಂದಿಗಳನ್ನು ಹೊಲಿಯುತ್ತಾರೆ. ಅಂಚಿನಿಂದ ಆರಂಭಿಸಿ ನಡುವಿಗೆ ಬರುವುದು ಅವರ ಕ್ರಮ. ಕೊನೆಗೆ ನಾಲ್ಕು ಮೂಲೆಗಳಿಗೂ ಮುಮ್ಮೂಲೆಯಾಗಿ ಮಡಿಸಿದ ಬಟ್ಟೆಯ ಹೂಗಳನ್ನಿಡುತ್ತಾರೆ. ಹೂವಿಲ್ಲದ ಕವಂದಿ ಅವರ ದೃಷ್ಟಿಯಲ್ಲಿ ಪೂರ್ಣವಾದುದಲ್ಲ. ಸಿದ್ದಿಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಕಥೋಲಿಕ ಸಿದ್ದಿ ಸಹೋದರಿಯರು ಚೂರುಬಟ್ಟೆಯಿಂದಲೇ ಶಿಲುಬೆಯ ಆಕಾರವನ್ನು ಕವಂದಿಯ ಮೇಲೆ ಮೂಡಿಸುವುದುಂಟು.

ಹಂಪಿಯ ಎದುರು ದಡದಲ್ಲಿರುವ ಆನೆಗೊಂದಿಗೆ ಹೋದರೆ ಮತ್ತೊಂದು ಉದಾಹರಣೆ ಸಿಗುತ್ತದೆ. ಹೊಸಪೇಟೆ, ಕಂಪ್ಲಿ, ಆನೆಗೊಂದಿಗಳ ನೀರಾವರಿ ಭೂಮಿಯಲ್ಲಿ ಬಾಳೆ ಸಮೃದ್ಧವಾಗಿ ಬೆಳೆಯುತ್ತದೆ. ಬಾಳೆಯ ಗಿಡ ಒಂದೇ ಸಲ ಗೊನೆ ಬಿಡುತ್ತದೆ. ಗೊನೆ ಕಡಿದ ಮೇಲೆ ದಿಂಡು ರೈತನಿಗೆ ಹೊರೆಯೇ ಸರಿ. ಆನೆಗೊಂದಿಯಲ್ಲಿ 1997ರಲ್ಲಿ ಸ್ಥಾಪನೆಯಾದ ಕಿಷ್ಕಿಂಧಾ ಟ್ರಸ್ಟ್‌ನ ಪ್ರೋತ್ಸಾಹದಿಂದ ಗ್ರಾಮದ ಮಹಿಳೆಯರು ಈ ದಿಂಡಿನ ಪಟ್ಟೆಗಳನ್ನು ಒಣಗಿಸಿ, ಸೀಳಿ, ಹುರಿಮಾಡಿ, ಬುಟ್ಟಿ, ಚೀಲ, ಚಾಪೆಗಳನ್ನು ಹೆಣೆಯಲು ಕಲಿತರು. ಗದ್ದೆಯಲ್ಲಿ ಕೊಳೆಯಬೇಕಾಗಿದ್ದ ವಸ್ತು ಪ್ರವಾಸಿಗರ ಕೈಸೇರಿ, ಮನೆಯೊಡತಿಯ ಕೈಗೆ ನಾಲ್ಕು ಕಾಸನ್ನು ತಂದಿತು.

ಗೋದಲಿಯ ಮೂಲ

ಈಗ ನಮ್ಮ ಹಬ್ಬದ ವಿಷಯ. 1223ರ ಕ್ರಿಸ್ತಜಯಂತಿಯಂದು ಇಟಲಿಯ ಗ್ರೇಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗೋದಲಿಯನ್ನು ಏರ್ಪಡಿಸಿದಾಗ ಅಲ್ಲಿ ಏನಿತ್ತು? ಒಂದು ಹುಲ್ಲಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ.   ಆ ಘಟನೆಗೆ ಎಂಟುನೂರು ವರ್ಷಗಳು ತುಂಬಿದ್ದು 2023ರಲ್ಲಿ, ಹಂಪಿಯಲ್ಲಿ ಚೂರುಬಟ್ಟೆಗಳ ಪ್ರದರ್ಶನ ನಡೆದ ವರ್ಷದಲ್ಲಿಯೇ. 2019ರಲ್ಲಿ ಅದೇ ಗ್ರೇಚ್ಚೊದಲ್ಲಿ ಪೋಪ್ ಫ್ರಾನ್ಸಿಸರು ಗೋದಲಿಯ ಬಗ್ಗೆ ಒಂದು ಪತ್ರವನ್ನು ಹೊರಡಿಸಿ, ಬಗೆಬಗೆಯ ಸಾಮಗ್ರಿಗಳಿಂದ ಗೋದಲಿ ಕಟ್ಟುವ ಜನರ ಕಲ್ಪನಾಶಕ್ತಿಯನ್ನು ಮೆಚ್ಚಿಕೊಂಡಿದ್ದರು. ಅದಕ್ಕೂ ಮುನ್ನ, 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ, ವಸ್ತುಗಳನ್ನು ಬಳಸಿ ಬಿಸುಡುವ ಮನೋಭಾವವೇ ಮನುಷ್ಯರನ್ನೂ ಬಿಸುಡುತ್ತದೆ ಎಂಬ ಎಚ್ಚರಿಕೆಯನ್ನು ಅವರು ಕೊಟ್ಟಿದ್ದರು. ಲಂಬಾಣಿಗಳ ಚರಿತ್ರೆಯನ್ನು ಬಲ್ಲ ನಮಗೆ ಆ ಮಾತು ದೂರದ ಮಾತಲ್ಲ.

ಆದರೆ ನಮ್ಮ ಗೋದಲಿಗಳಲ್ಲಿ ಬಹುಕಾಲ ರಾರಾಜಿಸಿದ್ದು ಥರ್ಮೋಕೋಲ್. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಬ್ಯಾನರು, ಬಂಟಿಂಗ್, ಥರ್ಮೋಕೋಲ್ ಸಾಮಗ್ರಿಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮ, ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು ಹೆಸರಿಸಿಯೇ ನಿಷೇಧಿಸಿದೆ. ಕಾನೂನಿನ ಭಯಕ್ಕಿಂತ ಮಿಗಿಲಾದ ಕಾರಣ ನಮಗಿದೆ. ಐದು ರೊಟ್ಟಿಗಳಿಂದ ಸಾವಿರಾರು ಜನರನ್ನು ತಣಿಸಬಲ್ಲ ಪ್ರಭುವೇ ಮಿಕ್ಕ ತುಂಡುಗಳನ್ನು ಆರಿಸಿಡಲು ಶಿಷ್ಯರನ್ನು ಕಳುಹಿಸಿದರು. ಹನ್ನೆರಡು ಬುಟ್ಟಿ ತುಂಬಿತು. ಕೊರತೆಯಿಂದ ಮಾತ್ರವಲ್ಲ, ಗೌರವದಿಂದಲೂ ಚೂರನ್ನು ಕಾಪಾಡಬೇಕೆಂಬುದು ಅದರ ತಾತ್ಪರ್ಯ.

ನಾವು ಮಾಡಬಹುದಾದುದು

ಕಂಪ್ಲಿಯ ಗದ್ದೆಗಳ ಭತ್ತದ ಹುಲ್ಲು ಗೋದಲಿಯ ಸೂರಿಗೆ ಸಾಕು. ಹಳೆಯ ಗೋಣಿಚೀಲವನ್ನು ಕೆಮ್ಮಣ್ಣಿನ ರಾಡಿಯಲ್ಲಿ ಅದ್ದಿ ಕಟ್ಟಿಗೆಯ ಮೇಲೆ ಹೊದಿಸಿ ಒಣಗಿಸಿದರೆ ಗುಹೆ ಸಿದ್ಧ. ಹಳೆಯ ಪತ್ರಿಕೆಗಳನ್ನು ಮುದ್ದೆ ಮಾಡಿ ಗಂಜಿಯಿಂದ ಅಂಟಿಸಿದರೆ ಹಂಪಿಯ ಗುಂಡುಬಂಡೆಗಳೇ ಬೆತ್ಲೆಹೇಮಿನ ಬೆಟ್ಟಗಳಾಗುತ್ತವೆ. ಬಿದಿರಿನ ಕಡ್ಡಿ, ಪತಂಗದ ಕಾಗದಗಳಿಂದ ದೀಪಾವಳಿಯ ಆಕಾಶಬುಟ್ಟಿ ಕಟ್ಟಬಲ್ಲ ಕೈ ನಕ್ಷತ್ರವನ್ನೂ ಕಟ್ಟಬಲ್ಲದು. ದರ್ಜಿಯ ಅಂಗಡಿಯಲ್ಲಿ ಉಳಿದ ತುಂಡುಬಟ್ಟೆ ತೋರಣವಾಗಬಲ್ಲದು. ನಿಮ್ಮಲ್ಲಿ ಅಂಗಡಿ ನಡೆಸುವವರಿದ್ದರೆ ಗಾಜಿನ ಕಪಾಟಿನಲ್ಲಿ ಒಂದು ಹಳೆಯ ಕೌದಿಯನ್ನು ಹಿನ್ನೆಲೆಯಾಗಿ ಹಾಸಿ ನೋಡಿ. ದಾರಿಹೋಕರು ನಿಂತು ನೋಡಿಯಾರು. ಹಬ್ಬ ಮುಗಿದ ಮೇಲೆ ಹುಲ್ಲು ದನಕ್ಕೆ, ಮಣ್ಣು ಗಿಡಕ್ಕೆ, ನಕ್ಷತ್ರದ ಕಡ್ಡಿ ಮುಂದಿನ ವರ್ಷಕ್ಕೆ.

ಒಂದು ಮಾತನ್ನು ಮಾತ್ರ ಮರೆಯಬಾರದು. ಚೂರಿನಿಂದ ಮಾಡಿದ ವಸ್ತು ಅಗ್ಗವಾಗಿರಬೇಕೆಂದು ನಾವು ಭಾವಿಸುತ್ತೇವೆ. 'ತುಂಡುಬಟ್ಟೆಗೆ ಇಷ್ಟು ಬೆಲೆಯೇ?' ಎಂದು ಚೌಕಾಸಿಗೆ ಇಳಿಯುತ್ತೇವೆ. ಬಟ್ಟೆಗೆ ಬೆಲೆ ಇಲ್ಲದಿರಬಹುದು. ಆದರೆ ಅಂಗೈಯಗಲದ ಕಸೂತಿಗೆ ಹೆಣ್ಣುಮಗಳೊಬ್ಬಳು ಕಳೆದ ದಿನಗಳಿಗೆ, ಅವಳ ಕಣ್ಣಿನ ಬೆಳಕಿಗೆ, ಅವಳ ತಾಯಿಯಿಂದ ಬಂದ ವಿದ್ಯೆಗೆ ಬೆಲೆಯಿದೆ. ಕಸವನ್ನು ಉಳಿಸಿ ಕೈಯನ್ನು ಕಡೆಗಣಿಸಿದರೆ ನಮ್ಮ ಪರಿಸರಪ್ರೇಮ ಅರ್ಧದಾರಿಯಲ್ಲಿಯೇ ನಿಂತಂತೆ. ಆದ್ದರಿಂದ ಮನೆಯಲ್ಲಿ ಮಾಡಬಹುದಾದುದನ್ನು ಮಕ್ಕಳೊಡನೆ ಕುಳಿತು ಮಾಡೋಣ. ಕೊಳ್ಳಬೇಕಾದುದನ್ನು ಮಾಡಿದವರ ಕೈಯಿಂದ, ಅವರು ಹೇಳಿದ ನ್ಯಾಯವಾದ ಬೆಲೆಗೆ ಕೊಳ್ಳೋಣ.

ಅರಸರ ಬೀದಿಯ ರತ್ನಗಳು ಯಾರ ಪಾಲಾದವೋ, ಬಲ್ಲವರಾರು? ತಾಂಡಾದ ತಾಯಿಯೊಬ್ಬಳು ಸೂಜಿಗೆ ದಾರ ಪೋಣಿಸಿ ಮಗಳಿಗೆ ಕೊಟ್ಟದ್ದು ಮಾತ್ರ ಇಂದಿಗೂ ಸಂಡೂರಿನಲ್ಲಿದೆ. ಈ ಸಲದ ಆಗಮನ ಕಾಲದಲ್ಲಿ ನಮ್ಮ ಮನೆಯ ಬಾಲಯೇಸುವಿಗೆ ಹಾಸುವ ಹಾಸಿಗೆಯೂ ಅಂಥದ್ದೊಂದು ಚೂರಿನಿಂದ ಹೊಲಿದದ್ದಾಗಿರಲಿ.